ಅಜ್ಜಿ ಬೇರೆ, ಅಮ್ಮಮ್ಮ ಬೇರೆ

ನನ್ನ ತರಗತಿಯ ಐದು ವರ್ಷದ ಹುಡುಗಿ ಒಂದು ಚಿತ್ರ ಬಿಡಿಸಿ ನನ್ನ ಹತ್ತಿರ ತಂದಳು. "ಇದರಲ್ಲಿ ಏನಿದೆ ಹೇಳು, ಬರೆದುಕೊಡ್ತೀನಿ" ಎಂದೆ. "ಅಮ್ಮಮ್ಮ ನಂಗೆ ತಲೆ ಬಾಚ್ತಿದ್ದಾಳೆ" ಎಂದಳು. ನಾನು 'ಅಜ್ಜಿ ನನಗೆ ತಲೆ ಬಾಚುತ್ತಿದ್ದಾರೆ' ಎಂದು ಬರೆದೆ. ಓದಿ ಹೇಳಿದಾಗ ತಲೆ ಅಲ್ಲಾಡಿಸಿದಳು. "ಅಜ್ಜಿ ಬೇರೆ, ಅಮ್ಮಮ್ಮ ಬೇರೆ." ಹಾಳೆಯನ್ನು ಅಲ್ಲೇ ಬಿಟ್ಟು ಹೋದಳು.

ಅವಳ ಮಾತಿನಲ್ಲಿ ತಪ್ಪೇನಿತ್ತು? ಪುಸ್ತಕದಲ್ಲಿರುವ ಪದವೇ ಸರಿ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ. ಮರುದಿನ ಅವಳು ಹೇಳಿದ ಹಾಗೇ ಇನ್ನೊಂದು ಹಾಳೆಯಲ್ಲಿ ಬರೆದುಕೊಟ್ಟೆ. ಬೆರಳಿಟ್ಟು ಮತ್ತೆ ಮತ್ತೆ ಓದಿದಳು. ನಾಲ್ಕೈದು ದಿನ ಕಳೆದಿರಬೇಕು, ಗೋಡೆಯ ಮೇಲಿದ್ದ 'ಅಮ್ಮ' ಪದದ ಮುಂದೆ ನಿಂತು "ಇಲ್ಲೂ ನನ್ನ ಮ್ಮ ಇದೆ!" ಎಂದು ಕೂಗಿದಳು. ಒತ್ತಕ್ಷರಕ್ಕೆ ನಾವು ಬರುವುದು ಕಾಗುಣಿತ ಮುಗಿದ ಮೇಲೆ. ಇವಳಿಗೆ ಇನ್ನೂ 'ಕ' ಯಾವುದು, 'ಗ' ಯಾವುದು ಎಂದೇ ಸರಿಯಾಗಿ ಗೊತ್ತಿರಲಿಲ್ಲ.

ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಶ್ಟನ್-ವಾರ್ನರ್ ಒಂದೊಂದು ಮಗುವಿಗೂ ಯಾವ ಪದ ಬೇಕು ಎಂದು ಕೇಳಿ, ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದರು. ನಾನು ಅದನ್ನು ಓದಿದ್ದೆ, ಮೆಚ್ಚಿದ್ದೆ. ಆದರೂ ಆ ಹುಡುಗಿ ಹಾಳೆ ಬಿಟ್ಟು ಹೋಗುವವರೆಗೂ ನನಗೆ ಅರ್ಥವಾಗಿರಲಿಲ್ಲ.

ಹಾಗಾದರೆ ಪುಸ್ತಕದ ಪದ ಬೇಡವೇ ಎಂದು ಜೊತೆಯ ಶಿಕ್ಷಕಿಯೊಬ್ಬರು ಕೇಳಿದರು. ಖಂಡಿತ ಬೇಕು. ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ. ಮೊದಲು ಮನೆಯ ಪದ, ಆಮೇಲೆ ಪುಸ್ತಕದ್ದು.

ಆಗ ಇನ್ನೊಂದು ಪ್ರಶ್ನೆ ಕಾಡಿತು. ನಾನು ಯಾರ ಮಾತನ್ನು ಬರೆದುಕೊಳ್ಳುತ್ತಿದ್ದೇನೆ? ಒಂದು ವಾರ ಮಕ್ಕಳ ಹೆಸರಿನ ಪಟ್ಟಿ ಇಟ್ಟುಕೊಂಡು, ಮಾತಾಡಿಸಿದಾಗಲೆಲ್ಲ ಗೆರೆ ಹಾಕಿದೆ. ಕೆಲವು ಹೆಸರುಗಳ ಮುಂದೆ ಹತ್ತು, ಹದಿನೈದು ಗೆರೆ. ಐದು ಹೆಸರುಗಳ ಮುಂದೆ ಒಂದೂ ಇಲ್ಲ. ಎಲ್ಲರನ್ನೂ ಸಮನಾಗಿ ನೋಡುತ್ತೇನೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಆ ಐವರಲ್ಲಿ ಮೂವರ ಮನೆಮಾತು ಬೇರೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಸುಮ್ನೆ ಇರುವುದು ಸುಲಭ ಅಲ್ಲ. ಮನಸ್ಸಿನಲ್ಲೇ ಎಣಿಸಬೇಕಾಯಿತು.

ಪುಸ್ತಕದ ಮೂಲೆಯನ್ನೂ ನೋಡಿದೆ. ಊರುಗೋಲು ಹಿಡಿದ ಮಗು ಒಂದು ಚಿತ್ರದಲ್ಲೂ ಇರಲಿಲ್ಲ, ನಮ್ಮ ತರಗತಿಯಲ್ಲಿ ಇತ್ತು. ಕೊಳ್ಳುವುದಕ್ಕೆ ಕಾಯದೆ, ಮಕ್ಕಳ ಚಿತ್ರ ಮತ್ತು ಮಾತುಗಳನ್ನೇ ಹೊಲಿದು ಪುಸ್ತಕ ಮಾಡಿ ಅಲ್ಲಿಟ್ಟೆವು. ಜಾಸ್ತಿ ಕೈಬದಲಾಗುವುದು ಅವೇ.

ಗೆರೆಯೇ ಇಲ್ಲದ ಐವರಲ್ಲಿ ಒಬ್ಬ ಹುಡುಗ ಎಂಟನೇ ದಿನ ಮಳೆಯ ಚಿತ್ರ ತಂದ. ನಾನು ಕಾದೆ. ಅವನ ಮನೆಮಾತಿನಲ್ಲಿ ಒಂದೇ ಒಂದು ಪದ ಹೇಳಿದ. ಕೇಳಿಸಿದ ಹಾಗೆ ಕನ್ನಡ ಲಿಪಿಯಲ್ಲಿ ಬರೆದೆ. ಮಾರನೇ ದಿನ ಬೆಳಿಗ್ಗೆ ಅವನ ತಾಯಿ ಆ ಹಾಳೆ ಹಿಡಿದುಕೊಂಡು ಬಂದರು. "ಮೇಡಂ, ಇಲ್ಲಿ ಎಳೆದು ಹೇಳಬೇಕು" ಎಂದರು. ನನ್ನ ಪೆನ್ನು ಕೊಟ್ಟೆ. ಅವರೇ ದೀರ್ಘ ಹಾಕಿದರು. ಹುಡುಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ.