ನೀರಿನಡಿಯ ಫೋಟೋಗೆ ವಿಳಾಸ ಸಿಕ್ಕಿತು: ನನ್ನ ಅನುಭವ

ಹಳೆ ಫೋಟೋ ಎಲ್ಲಿ ತೆಗೆದದ್ದು ಎಂದು ಕಂಡುಹಿಡಿಯುವುದು ನನ್ನ ಹವ್ಯಾಸ, ಇದೇ ಹುಚ್ಚಿನವರದೊಂದು ಗುಂಪೂ ಇದೆ. ಸ್ನೇಹಿತರೊಬ್ಬರ ಅಜ್ಜನ ಫೋಟೋ ಎಲ್ಲಿಯದು ಎಂಬ ಪ್ರಶ್ನೆ ಅಲ್ಲಿಗೆ ಬಂತು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ಫೋಟೋ ತೆಗೆದದ್ದು ಹಿರೇಭಾಸ್ಕರ ಅಣೆಕಟ್ಟೆಯಲ್ಲಿ. ಸಾಗರ ತಾಲ್ಲೂಕಿನ ಮಡೆನೂರು ಹತ್ತಿರದ್ದು. ವರ್ಷದ ಬಹುಪಾಲು ಅದು ಶರಾವತಿ ಹಿನ್ನೀರಿನ ಅಡಿಯಲ್ಲಿರುತ್ತದೆ. "ನೀರೊಳಗೆ ಇರೋ ಜಾಗನ ಮನೇಲಿ ಕೂತು ಹೇಗ್ರೀ ಕಂಡುಹಿಡೀತೀರಿ?" ಎಂದು ನಮ್ಮ ಗುಂಪಿನಲ್ಲಿ ನಾಲ್ಕೈದು ಜನ ಕೇಳಿದ್ದರು. ಕಂಡುಹಿಡಿದೆ. ಹೆಚ್ಚುಕಡಿಮೆ ಒಂದೂವರೆ ವರ್ಷ ಹಿಡಿಯಿತು, ಹನ್ನೆರಡು ಸಾವಿರದಷ್ಟು ದುಡ್ಡೂ ಹೋಯಿತು. ಆದರೂ ಈ ಹವ್ಯಾಸಕ್ಕೆ ಬಿದ್ದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಖುಷಿ ಇದೇ.

ಫೋಟೋ ನಮ್ಮ ಸ್ನೇಹಿತರೊಬ್ಬರ ಅಜ್ಜನದು. ಆ ಸ್ನೇಹಿತರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುವುದು. ತಾಯಿಯ ತವರಿನ ಟ್ರಂಕಿನಲ್ಲಿ ಸಿಕ್ಕಿತಂತೆ. ಅಂಗೈಯಗಲದ ಕಪ್ಪುಬಿಳುಪು ಪ್ರಿಂಟು, ಸುತ್ತ ಗರಗಸದಂಥ ಅಂಚು. ಕೋಟು, ಪಂಚೆ, ಟೋಪಿ ಹಾಕಿದ ಅಜ್ಜ ನಿಂತಿದ್ದಾರೆ. ಹಿಂದೆ ಸಾಲಾಗಿ ಗುಂಡನೆಯ, ಆನೆಗಾತ್ರದ ಆಲಿಕೆಯಂಥ ಕಟ್ಟಡಗಳು. ಒಂದಕ್ಕೆ ಮರದ ಸಾರುವೆ ಕಟ್ಟಿದೆ. ಅದರಾಚೆ ಕಾಡು, ಗುಡ್ಡದ ಸಾಲು. ಹಿಂಬದಿಯಲ್ಲಿ ತುಮಕೂರಿನ ಒಂದು ಸ್ಟುಡಿಯೋದ ಅರ್ಧ ಅಳಿಸಿದ ಮುದ್ರೆ. ಅಜ್ಜ ಓವರ್ಸಿಯರ್ (ಕಾಮಗಾರಿಯ ಮೇಲ್ವಿಚಾರಕ) ಆಗಿದ್ದರು ಅನ್ನುವುದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ.

ಗುಂಪಿನಲ್ಲಿ ಹಾಕಿದ ದಿನ ಉತ್ತರಗಳ ಸುರಿಮಳೆ. ಕೋಟೆಯ ಬುರುಜು ಅಂದರು. ಎಣ್ಣೆ ಟ್ಯಾಂಕು ಅಂದರು. ಕೋಲಾರದ ಚಿನ್ನದ ಗಣಿ ಅಂತ ಒಬ್ಬರು ಹಟ ಹಿಡಿದರು. ಒಂದು ಚಿತ್ರ ಕೊಟ್ಟರೆ ಅಂಥದ್ದೇ ಹುಡುಕಿಕೊಡುವ ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರಕ್ಕೂ ಕೊಟ್ಟೆ. ಬಾವಿ, ನೀರಿನ ಟ್ಯಾಂಕು, ಇನ್ನೆಲ್ಲಿಯದೋ ಧಾನ್ಯದ ಕಣಜ ಬಂದವು. ನನ್ನ ಅನುಭವದಲ್ಲಿ ನಮ್ಮ ಕಡೆಯ 1970ಕ್ಕಿಂತ ಹಿಂದಿನ ಮನೆ ಆಲ್ಬಂ ಫೋಟೋಗಳಿಗೆ ಈ ಮೂರೂ ಹತ್ತರಲ್ಲಿ ಒಂಬತ್ತು ಸಲ ಕೈಕೊಡುತ್ತವೆ. ಆದರೂ ಮೊದಲು ಅವಕ್ಕೇ ಕೊಡುತ್ತೇನೆ, ಐದು ನಿಮಿಷದ ಕೆಲಸ ತಾನೇ.

ಮೊದಲ ದುಡ್ಡು ಹಾಳಾದದ್ದು ಎಐ ಆ್ಯಪಿನಲ್ಲಿ. ಮಸುಕಾದ ಫೋಟೋ ಚೊಕ್ಕ ಮಾಡಿಕೊಡುತ್ತದೆ ಎಂದು ತಿಂಗಳಿಗೆ ಏಳುನೂರೋ ಎಂಟುನೂರೋ ಕಟ್ಟಿದೆ. ಅದು ಗುಡ್ಡದ ಮೇಲೆ ಇಲ್ಲದ ಗೋಪುರ ಎಬ್ಬಿಸಿತು. ಸಾರುವೆಯ ಮರಗಳನ್ನು ತೆಂಗಿನ ಮರ ಮಾಡಿತು. ಆ ಗೋಪುರ ನಂಬಿಕೊಂಡು ನಾನು ಒಂದು ವಾರ ದೇವಸ್ಥಾನ ಹುಡುಕಿದೆ! ಕೊನೆಗೆ ಮೇಷ್ಟ್ರ ಮನೆಗೇ ಹೋಗಿ, ಮೂಲ ಪ್ರಿಂಟನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆ. ಗೋಪುರವೂ ಇಲ್ಲ, ತೆಂಗೂ ಇಲ್ಲ. ಆ ಸ್ಕ್ಯಾನಿಗೆ ನಲವತ್ತು ರೂಪಾಯಿ. ಮೊದಲು ಅದನ್ನೇ ಮಾಡಿಸಬೇಕಿತ್ತು.

ಸ್ಕ್ಯಾನಿನಲ್ಲಿ ಆಲಿಕೆಯ ಒಳಮೈಯ ಓರೆ ರೆಕ್ಕೆಗಳು ಕಂಡವು. ಅಲ್ಲಿಗೆ ವಿಷಯ ಹೊಳೆಯಿತು. ಇದು ಸೈಫನ್, ಅಣೆಕಟ್ಟೆ ತುಂಬಿದಾಗ ಹೆಚ್ಚಾದ ನೀರನ್ನು ಹೊರಹಾಕುವ ಏರ್ಪಾಡು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಸುರುಳಿ ಸೈಫನ್. ಕೆರೆ ತುಂಬಿದಾಗ ನೀರು ಆಲಿಕೆಯ ಬಾಯಿಗೆ ಇಳಿಯುತ್ತದೆ, ರೆಕ್ಕೆಗಳಿಗೆ ಸಿಕ್ಕಿ ಗಿರ್ರನೆ ಸುತ್ತುತ್ತದೆ, ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಸೈಫನ್ ತಾನಾಗಿಯೇ ಶುರುವಾಗುತ್ತದೆ. ಗೇಟು ಎತ್ತುವ ಆಳು ಬೇಡ. ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮವರು ಇಂಥದ್ದು ಕಟ್ಟಿದ್ದರು ಅಂದರೆ ಎಷ್ಟು ಹೆಮ್ಮೆ ಆಗುತ್ತದೆ ಅಲ್ವಾ?

ತುಮಕೂರಿನ ಮುದ್ರೆ, ಸೈಫನ್, ಓವರ್ಸಿಯರ್. ಮೂರೂ ಸೇರಿದರೆ ಮಾರ್ಕೋನಹಳ್ಳಿ. ಕುಣಿಗಲ್ ತಾಲ್ಲೂಕು, ಶಿಂಷಾ ನದಿ, ಸೈಫನ್‌ಗೇ ಹೆಸರಾದ ಅಣೆಕಟ್ಟೆ. ನಾನು ಅವತ್ತೇ ಗುಂಪಿನಲ್ಲಿ ಸಾರಿಬಿಟ್ಟೆ. ಮೇಷ್ಟ್ರನ್ನೂ ಅವರ ತಾಯಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟೆ. ಬಾಡಿಗೆ, ಊಟ, ಎಳನೀರು ಎಲ್ಲ ಸೇರಿ ಮೂರೂವರೆ ಸಾವಿರ. ಹೋಗಿ ನಿಂತ ಹತ್ತು ನಿಮಿಷಕ್ಕೆ ಗೊತ್ತಾಯಿತು, ಇದಲ್ಲ. ಅಲ್ಲಿ ಎರಡೂ ಕಡೆ ಉದ್ದಕ್ಕೆ ಮಣ್ಣಿನ ಏರಿ, ಸುತ್ತ ಬಯಲು. ಫೋಟೋದಲ್ಲಿರುವುದು ದಟ್ಟ ಕಾಡಿನ ಗುಡ್ಡ. ಮೇಷ್ಟ್ರ ತಾಯಿಗೆ ಎಂಬತ್ತು ದಾಟಿದೆ. ಅವರು ಫೋಟೋ ಹಿಡಿದು ಒಂದು ಸಲ ಅತ್ತ, ಒಂದು ಸಲ ಇತ್ತ ನೋಡಿ, "ನಮ್ಮಪ್ಪ ಇಲ್ಲಿ ನಿಂತಿರಲಿಲ್ಲ ಕಣಪ್ಪ" ಅಂದರು. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಸ್ಟುಡಿಯೋ ಮುದ್ರೆ ಹೇಳುವುದು ಪ್ರಿಂಟು ಹಾಕಿಸಿದ ಊರು, ಫೋಟೋ ತೆಗೆದ ಊರಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವನು ನಾನು, ಅದನ್ನೇ ಮರೆತಿದ್ದೆ.

ಈ ನಡುವೆ ಬೇಸರಕ್ಕೆ ಬೇರೆ ಫೋಟೋಗಳನ್ನು ಬಿಡಿಸುತ್ತಾ ಕೂತೆ. ಒಂದು ದಿನಸಿ ಅಂಗಡಿಯ ಫೋಟೋ. ಬೋರ್ಡಿನಲ್ಲಿ "ಬೆಂಗಳೂರು-2" ಎಂದಷ್ಟೇ ಇತ್ತು, ಆರಂಕಿಯ ಪಿನ್ ಕೋಡ್ ಇರಲಿಲ್ಲ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆದರೆ ಅಂಗಡಿಯವರು ಅದಾದ ಮೇಲೂ ಎಷ್ಟೋ ವರ್ಷ ಹಳೆ ಬೋರ್ಡನ್ನೇ ಇಟ್ಟುಕೊಂಡಿರುತ್ತಾರೆ, ಅದನ್ನು ನಂಬಬಾರದು. ನಿಜವಾದ ಸುಳಿವು ಸಿಕ್ಕಿದ್ದು ಸೀಮೆಸುಣ್ಣದಲ್ಲಿ ಬರೆದ ದರದಲ್ಲಿ. "ನ.ಪೈ." ಅಂತಿತ್ತು. ನಯಾಪೈಸೆ ಶುರುವಾದದ್ದು 1957ರ ಏಪ್ರಿಲ್, "ನಯಾ" ಬಿಟ್ಟುಹೋದದ್ದು 1964ರ ಜೂನ್. ಸೀಮೆಸುಣ್ಣ ದಿನಾ ಅಳಿಸಿ ಬರೆಯುವಂಥದ್ದು. ಹಾಗಾಗಿ ಏಳು ವರ್ಷದ ಚೌಕಟ್ಟು ಕೂತಲ್ಲೇ ಸಿಕ್ಕಿತು. ಬಣ್ಣ ಬಳಿದ ಬೋರ್ಡಿಗಿಂತ ಸೀಮೆಸುಣ್ಣ ನಂಬಿ ಎಂದು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ.

ಇನ್ನೊಂದು ಮೈಸೂರಿನ ಫೋಟೋ. ಕಳಿಸಿದವರು 1920ರದ್ದು ಎಂದೇ ನಂಬಿದ್ದರು. ಮೂಲೆಯಲ್ಲಿ ದೊಡ್ಡ ಗಡಿಯಾರದ ತುದಿ ಇಣುಕುತ್ತಿತ್ತು. ಅದು ನಾಲ್ವಡಿಯವರ ರಜತ ಮಹೋತ್ಸವಕ್ಕೆ 1927ರಲ್ಲಿ ಕಟ್ಟಿದ್ದು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮತ್ತೆ ಅಜ್ಜನ ಹತ್ತಿರ ಬರುತ್ತೇನೆ. ಸೈಫನ್ ಇದೆ, ಮಲೆನಾಡಿನಂಥ ಗುಡ್ಡ ಇದೆ, ಕಟ್ಟುವ ಕೆಲಸ ನಡೆಯುತ್ತಿದೆ. ಇಂಥ ಜಾಗ ಎಷ್ಟಿದ್ದಾವು? ಹಳೆ ಪುಸ್ತಕ, ದಾಖಲೆಗಳ ಜಾಲತಾಣ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಮೈಸೂರು ಸಂಸ್ಥಾನದ ಆಡಳಿತ ವರದಿಗಳ ಸ್ಕ್ಯಾನ್ ಇವೆ. ರಾತ್ರಿ ಊಟ ಆದ ಮೇಲೆ ಒಂದೊಂದೇ ಓದಿದೆ. ಹೆಸರು ಒಂದೇ ಥರ ಹುಡುಕಿದರೆ ಏನೂ ಸಿಗುವುದಿಲ್ಲ. ಹಿರೇಭಾಸ್ಕರ, ಹಿರೆಭಾಸ್ಗರ್, ಮಡೆನೂರ್, ಮಡನೂರು, ಹೀಗೆ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಕಾಗುಣಿತ ಮಾಡಿಕೊಂಡು ಹುಡುಕಿದಾಗ ಜೋಗದ ವಿದ್ಯುತ್ ಯೋಜನೆ ಬಾಗಿಲು ತೆರೆಯಿತು. 1948ರಲ್ಲಿ ಶುರುವಾದ ಆ ವಿದ್ಯುದಾಗಾರಕ್ಕೆ ಮೊದಲು ಕೃಷ್ಣರಾಜೇಂದ್ರರ ಹೆಸರು, ಆಮೇಲೆ ಮಹಾತ್ಮ ಗಾಂಧಿಯವರ ಹೆಸರು. ಅದಕ್ಕೆ ನೀರು ಕೂಡಿಡಲು ಕಟ್ಟಿದ್ದೇ ಹಿರೇಭಾಸ್ಕರ. ಅದರಲ್ಲೂ ಸೈಫನ್. 1964ರಲ್ಲಿ ಕೆಳಗೆ ಲಿಂಗನಮಕ್ಕಿ ಎದ್ದಿತು, ಹಿರೇಭಾಸ್ಕರ ಮುಳುಗಿತು.

ನಾನು ಗುಂಪಿನಲ್ಲಿ ಹೇಳಿದೆ. ಈ ಸಲ ಯಾರೂ ನಂಬಲಿಲ್ಲ. ಒಂದು ಸಲ ತಪ್ಪಿದವನ ಮಾತು ಯಾರು ಕೇಳುತ್ತಾರೆ? ಅದರಲ್ಲೂ ಒಬ್ಬರು ಗೂಗಲ್ ಅರ್ಥ್ ತೆರೆದು, ನೀರಿನ ಮಧ್ಯೆ ನಿಂತು, ಗುಡ್ಡದ ಸಾಲಿನ ಚಿತ್ರ ತೆಗೆದು ಫೋಟೋ ಪಕ್ಕ ಇಟ್ಟರು. ಹೊಂದಲೇ ಇಲ್ಲ. ಫೋಟೋದಲ್ಲಿ ಬಲಗಡೆ ಹತ್ತಿರದ ಗುಡ್ಡ ಎತ್ತರವಾಗಿದೆ. ಗೂಗಲ್ ಅರ್ಥ್‌ನಲ್ಲಿ ಅದು ಕುಳ್ಳ. ಅದರ ಹಿಂದೆ ದೂರದ ಇನ್ನೊಂದು ಗುಡ್ಡ ಕಾಣುತ್ತದೆ, ಅದು ಫೋಟೋದಲ್ಲಿ ಇಲ್ಲವೇ ಇಲ್ಲ. "ಬಿಟ್ಬಿಡಿ ಸಾರ್, ಇದೂ ಅಲ್ಲ" ಅಂದರು.

ಎರಡು ತಿಂಗಳು ನಾನೂ ಹಾಗೇ ಅಂದುಕೊಂಡೆ. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. ಇಂಥ ನಕ್ಷೆಗಳ ಎತ್ತರದ ಲೆಕ್ಕಕ್ಕೆ ದೊಡ್ಡ ಆಧಾರ 2000ದ ಫೆಬ್ರವರಿಯಲ್ಲಿ ಅಂತರಿಕ್ಷ ನೌಕೆಯಿಂದ ಮಾಡಿದ ರೇಡಾರ್ ಅಳತೆ. ಆಗ ಅಲ್ಲಿ ನೀರು ನಿಂತಿತ್ತು. ರೇಡಾರಿಗೆ ಕಂಡದ್ದು ನೀರಿನ ಮೇಲ್ಮೈ, ಕಣಿವೆಯ ತಳ ಅಲ್ಲ. ನಾವು ಗೂಗಲ್ ಅರ್ಥ್‌ನಲ್ಲಿ ನಿಲ್ಲುತ್ತಿದ್ದದ್ದು ಕೆರೆಯ ಮೇಲೆ. ಅಜ್ಜ ನಿಂತದ್ದು ಅದಕ್ಕಿಂತ ಎಷ್ಟೋ ಕೆಳಗೆ. ಕೆಳಗೆ ಇಳಿದಷ್ಟೂ ಹತ್ತಿರದ ಗುಡ್ಡ ಎದ್ದು ನಿಲ್ಲುತ್ತದೆ, ದೂರದ್ದನ್ನು ಮುಚ್ಚುತ್ತದೆ. ಫೋಟೋದಲ್ಲಿ ಆಗಿರುವುದೂ ಅದೇ!

ಈಗ ಮುಳುಗಿದ ಕಣಿವೆಯನ್ನು ಮತ್ತೆ ಬಿಡಿಸಬೇಕಿತ್ತು. ಅಮೆರಿಕದ ಸೈನ್ಯ 1950ರ ದಶಕದಲ್ಲಿ ಮಾಡಿಸಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಇರುವುದು ಲಿಂಗನಮಕ್ಕಿ ಇಲ್ಲದ ಶರಾವತಿ. ಆದರೆ ಅಳತೆ ತೀರಾ ದಪ್ಪ. ಇಂಚಿಗೆ ಒಂದು ಮೈಲಿಯ ಹಳೆ ನಕ್ಷೆಯೇ ಬೇಕಾಯಿತು. ವಿದೇಶದ ಒಂದು ಲೈಬ್ರರಿಯಿಂದ ಸ್ಕ್ಯಾನ್ ತರಿಸಿದೆ, ಎರಡು ಸಾವಿರದ ಮೇಲಾಯಿತು. ಮೊದಲ ಸಲ ಪಕ್ಕದ ಹಾಳೆ ಕಳಿಸಿಬಿಟ್ಟರು. ಅದಕ್ಕೂ ಕಟ್ಟಬೇಕಾಯಿತು. ಎತ್ತರದ ಗೆರೆಗಳನ್ನು ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೈಯಾರೆ ತಿದ್ದಿ ಕೂಡಿಸಲು ಹದಿನೈದು ಇಪ್ಪತ್ತು ರಾತ್ರಿ. ಎರಡು ಸಲ ಅಡಿ ಮೀಟರ್ ಗೊಂದಲ ಮಾಡಿಕೊಂಡು ಎಲ್ಲ ಅಳಿಸಿ ಮೊದಲಿಂದ ಮಾಡಿದೆ.

ಫೋಟೋ ಒಂದರಿಂದಲೇ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂದು ಹೇಗೆ ತೆಗೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಎಂಟು ವರ್ಷದಲ್ಲಿ ನಾನೇ ಕಂಡುಕೊಂಡ ದಾರಿ. ಅಜ್ಜನ ಟೋಪಿ ಅದರಲ್ಲಿ ಕೆಲಸಕ್ಕೆ ಬಂತು ಎಂದಷ್ಟೇ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಬೇರೆ ಯಾರೂ ಇದನ್ನು ಮಾಡಿದ್ದು ನಾನು ನೋಡಿಲ್ಲ.

ಹೊಸ ಕಣಿವೆಯಲ್ಲಿ ನಿಂತು ಗುಡ್ಡದ ಗೆರೆ ತೆಗೆದು ಫೋಟೋ ಮೇಲೆ ಇಟ್ಟಾಗ ರಾತ್ರಿ ಎರಡು ಗಂಟೆ. ಎಡಗಡೆಯ ಕತ್ತರಿ ಹಾಕಿದಂಥ ಕಣಿವೆ, ಮಧ್ಯದ ಒಂಟೆಬೆನ್ನು, ಬಲಗಡೆಯ ಎತ್ತರದ ಗುಡ್ಡ. ಮೂರೂ ಕೂತವು. ನನ್ನ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಕಣ್ಣುಜ್ಜಿಕೊಂಡು ಪೂರ್ತಿ ನೋಡಿದಳು. "ಇದೇ ಕಣ್ರೀ" ಅಂದಳು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಆದರೂ ಗುಂಪಿನವರಿಗೆ ಸಾಲದು. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಐದು ದಿನಕ್ಕೊಮ್ಮೆ ಪುಕ್ಕಟೆ ಸಿಗುತ್ತವೆ. ಒಂದು ಚುಕ್ಕಿ ಅಂದರೆ ನೆಲದ ಮೇಲೆ ಹತ್ತು ಮೀಟರ್. ಮಳೆ ಕೈಕೊಟ್ಟ ವರ್ಷಗಳ ಏಪ್ರಿಲ್ ಮೇ ಚಿತ್ರಗಳನ್ನು ಒಂದರ ಹಿಂದೊಂದು ಇಟ್ಟು ನೋಡಿದೆ. ನೀರು ಇಳಿಯುತ್ತಾ ಹೋಗುತ್ತದೆ, ಮೇ ಕೊನೆಗೆ ಹಳೆ ಹೊಳೆಗೆ ಅಡ್ಡಲಾಗಿ ಒಂದು ಸಣ್ಣ ಬಿಳಿ ಗೆರೆ ಏಳುತ್ತದೆ. ಅದೇ ಗೋಡೆ. ಆ ಗೆರೆಯಿಂದ ನಾನು ಗುರುತಿಟ್ಟ ಜಾಗಕ್ಕೆ ಮೂವತ್ತು ನಲವತ್ತು ಮೀಟರ್ ಅಷ್ಟೇ ವ್ಯತ್ಯಾಸ.

ಮುಂದಿನ ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿಯಿತು. ಮೇಷ್ಟ್ರು ನಾನು ರಾತ್ರಿ ರೈಲಿನಲ್ಲಿ ಸಾಗರಕ್ಕೆ ಹೋದೆವು. ಜೀಪಿಗೆ ಎರಡು ಸಾವಿರ ಚಿಲ್ಲರೆ. ಆಮೇಲೆ ಬಿರುಕು ಬಿಟ್ಟ ಕೆಂಪು ಮಣ್ಣಿನಲ್ಲಿ, ಒಣಗಿದ ಮರದ ಬುಡಗಳ ನಡುವೆ ನಡಿಗೆ. ನೆರಳು ಅನ್ನುವುದೇ ಇಲ್ಲ. ಗೋಡೆ ಎದುರಿಗೆ ಬಂದಾಗ ಇಬ್ಬರೂ ಮಾತಾಡಲಿಲ್ಲ. ಅರವತ್ತು ವರ್ಷ ನೀರು ಕುಡಿದೂ ಗಟ್ಟಿಯಾಗಿ ನಿಂತಿದೆ. ಸೈಫನ್‌ಗಳ ಸಾಲು ಹಾಗೇ ಇದೆ. ಪ್ರಿಂಟು ಕಣ್ಣೆದುರು ಹಿಡಿದು ಹಿಂದೆ ಮುಂದೆ ಸರಿದೆ. ಮೊದಲು ಗುಡ್ಡ, ಆಮೇಲೆ ಆಲಿಕೆಯ ಅಂಚು, ಎಲ್ಲ ಒಂದಕ್ಕೊಂದು ಕೂತ ಜಾಗದಲ್ಲಿ ನಿಂತೆ. ಮೇಷ್ಟ್ರು ಅಜ್ಜ ನಿಂತಲ್ಲಿಗೆ ಹೋಗಿ ನಿಂತರು. ಫೋಟೋ ತೆಗೆದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಕಟ್ಟು ಹಾಕಿಸಿ ಮೇಷ್ಟ್ರ ತಾಯಿಗೆ ಕೊಟ್ಟೆವು. ಅವರು ತುಂಬಾ ಹೊತ್ತು ಗುಡ್ಡಗಳನ್ನೇ ಬೆರಳಲ್ಲಿ ಸವರಿ ನೋಡಿದರು. "ಹೂಂ, ಇಲ್ಲೇ" ಅಂದರು. ಕೋಲಾರ ಎಂದು ಹಟ ಹಿಡಿದವರೂ ಫೋನ್ ಮಾಡಿ ಒಪ್ಪಿಕೊಂಡರು.

ಒಂದು ಇನ್ನೂ ಬಾಕಿ ಇದೆ. ಫೋಟೋದ ಬಲ ಮೂಲೆಯಲ್ಲಿ, ಕೆಳಗೆ, ಹೆಂಚಿನ ಪುಟ್ಟ ಕಟ್ಟಡವೊಂದಿದೆ. ಕೆಲಸಗಾರರ ಕ್ಯಾಂಪೋ, ಅಜ್ಜ ಇದ್ದ ಕ್ವಾರ್ಟರ್ಸೋ. ನಾವು ಹೋದಾಗ ಆ ಜಾಗದ ಮೇಲೆ ಇನ್ನೂ ನೀರಿತ್ತು. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಈಗ ದಿನಾ ಬೆಳಿಗ್ಗೆ ಕಾಫಿ ಜೊತೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಅಡಿಪಾಯದ ನಾಲ್ಕು ಕಲ್ಲು ಕಂಡರೂ ಸಾಕು. ಮೇಷ್ಟ್ರು ಬ್ಯಾಗು ಸಿದ್ಧ ಇಟ್ಟುಕೊಂಡಿದ್ದಾರೆ.