ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ದಿನ, ಬರೀ ನಡೆದುಕೊಂಡೇ

ಫ್ರಾಂಕ್‌ಫರ್ಟ್ ಅಂದರೆ ನಮ್ಮವರಿಗೆ ವಿಮಾನ ಬದಲಿಸುವ ಊರು. ಬೆಂಗಳೂರಿನಿಂದ ಬಂದಿಳಿದವರು ಅಲ್ಲಿಂದಲೇ ಪ್ಯಾರಿಸ್ಸಿಗೋ ಸ್ವಿಟ್ಜರ್ಲೆಂಡಿಗೋ ಹೊರಟುಬಿಡುತ್ತಾರೆ. "ಬ್ಯಾಂಕು ಬಿಟ್ಟರೆ ಅಲ್ಲೇನಿದೆ?" ಅಂತ ನಮಗೂ ಹೇಳಿದವರಿದ್ದರು. ಆದರೂ ನಾನೂ ಇವರೂ ಮೊದಲ ದಿನವನ್ನು ಪೂರ್ತಿ ಆ ಊರಿಗೇ ಇಟ್ಟೆವು, ಅದೂ ಟ್ರಾಮು, ಮೆಟ್ರೋ ಏನೂ ಹತ್ತದೆ.

ಶನಿವಾರವೇ ಆಗಲಿ ಅಂದುಕೊಂಡದ್ದಕ್ಕೆ ಕಾರಣವಿತ್ತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಬಂದ್. ನನಗೆ ಮಾರ್ಕೆಟ್ ನೋಡಲೇಬೇಕಿತ್ತು.

ಮುಖ್ಯ ರೈಲು ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬ್ಯಾಗು ಇಟ್ಟು ಕೈಸರ್‌ಸ್ಟ್ರಾಸ್ಸೆ ಹಿಡಿದು ನೇರ ನಡೆದೆವು. ಆ ರಸ್ತೆಗೆ ಅಡ್ಡವಾಗಿ ಒಂದು ಉದ್ದನೆಯ ಪಾರ್ಕು. ಮೊದಲು ಅಲ್ಲಿ ಊರಿನ ಕೋಟೆಗೋಡೆ ಇತ್ತಂತೆ, 19ನೇ ಶತಮಾನದ ಶುರುವಿನಲ್ಲಿ ಅದನ್ನು ಕೆಡವಿ ಹಸಿರು ಬೆಳೆಸಿದ್ದಾರೆ. ಹಾಗಾಗಿ ನಕ್ಷೆಯಲ್ಲಿ ಹಳೇ ಊರಿನ ಸುತ್ತ ಇವತ್ತಿಗೂ ಒಂದು ಹಸಿರು ಪಟ್ಟಿ ಕಾಣುತ್ತದೆ. ದಾರಿ ತಪ್ಪಿತು ಅನ್ನಿಸಿದಾಗೆಲ್ಲ ಆ ಪಟ್ಟಿಯನ್ನೇ ಗುರುತು ಇಟ್ಟುಕೊಂಡೆವು.

ಅಲ್ಲೇ ಪಕ್ಕದಲ್ಲಿ ಮೈನ್ ಟವರ್. 200 ಮೀಟರ್ ಎತ್ತರ, ಮೇಲಿನ ತೆರೆದ ತಾರಸಿಗೆ ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು. ಜನ ಸಾಮಾನ್ಯವಾಗಿ ಸಂಜೆ ಹತ್ತುತ್ತಾರೆ. ನನ್ನ ಕೇಳಿದರೆ ನಡಿಗೆಗೆ ಮುಂಚೆಯೇ ಹತ್ತಬೇಕು, ಯಾಕೆಂದರೆ ಇಡೀ ದಿನ ನಡೆಯಬೇಕಾದ ದಾರಿ ಕೆಳಗೆ ಒಂದೇ ನೋಟಕ್ಕೆ ಸಿಗುತ್ತದೆ. ಒಂದು ಕಡೆ 259 ಮೀಟರಿನ ಕಾಮರ್ಸ್‌ಬ್ಯಾಂಕ್ ಗೋಪುರ, ಇನ್ನೊಂದು ಕಡೆ ಮೈನ್ ನದಿ, ನಡುವೆ ಒಂದು ಹಿಡಿಯಷ್ಟು ಕೆಂಪು, ಕಪ್ಪು ಹೆಂಚಿನ ಮನೆಗಳು, ಅವುಗಳ ಮಧ್ಯೆ ಕ್ಯಾಥೆಡ್ರಲ್. "ಇಷ್ಟೇನಾ ಹಳೇ ಊರು?" ಅಂದರು ಇವರು. ಇಷ್ಟೇ. 1944ರ ಬಾಂಬ್ ದಾಳಿಯಲ್ಲಿ ಅಲ್ಲಿದ್ದ ಹಳೇ ಪೇಟೆ ಬಹುತೇಕ ಸುಟ್ಟುಹೋಯಿತು. ಆಮೇಲೆ ಒಂದೊಂದು ಕಟ್ಟಡಕ್ಕೂ ಈ ಊರಿನವರು ಬೇರೆ ಬೇರೆ ದಾರಿ ಹುಡುಕಿಕೊಂಡರು. ನಡೆದು ನೋಡಿದರೆ ಮಾತ್ರ ಅದು ಅರ್ಥವಾಗುತ್ತದೆ, ಅದಕ್ಕೇ ನಾನು ನಡಿಗೆ ನಡಿಗೆ ಅಂತ ಹೇಳುತ್ತಿರುವುದು.

ಮೊದಲು ಗಯಟೆ ಹುಟ್ಟಿದ ಮನೆ. ಶಾಕುಂತಲವನ್ನು ಅನುವಾದದಲ್ಲಿ ಓದಿ ಮನಸಾರೆ ಹೊಗಳಿದ ಕವಿ ಅಲ್ವಾ, ನೋಡದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಈ ಮನೆಯೂ 1944ರಲ್ಲಿ ನೆಲಸಮವಾಗಿತ್ತು. ಒಳಗಿನ ಸಾಮಾನನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದರಿಂದ ಉಳಿಯಿತು, ಮನೆಯನ್ನು ಹಿಂದಿದ್ದ ಹಾಗೇ ಕಟ್ಟಿ 1951ರಲ್ಲಿ ತೆರೆದರು. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ಪೌಲ್ಸ್‌ಕಿರ್ಖೆ, 1848ರಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಸಭೆ ಸೇರಿದ ಚರ್ಚು. 1944ರಲ್ಲಿ ಇದೂ ಸುಟ್ಟಿತ್ತು, ಆದರೆ ಇದನ್ನು ಹಿಂದಿದ್ದ ಹಾಗೇ ಕಟ್ಟಲಿಲ್ಲ. ಸರಿಯಾಗಿ ನೂರು ವರ್ಷಕ್ಕೆ, 1948ಕ್ಕೆ, ಬೇಗ ಎಬ್ಬಿಸಿದರು, ಒಳಗೆ ಯಾವ ಅಲಂಕಾರವನ್ನೂ ಮರಳಿ ತರಲಿಲ್ಲ. ಬರೀ ಬಿಳಿ ಗೋಡೆ. ನನಗೆ ಇದೇ ಜಾಸ್ತಿ ಹಿಡಿಸಿತು.

ಹೊಟ್ಟೆ ಹಸಿದಿತ್ತು. ಕ್ಲೈನ್‌ಮಾರ್ಕ್ಟ್‌ಹಾಲ್ಲೆ ಅನ್ನುವ ಮುಚ್ಚಿದ ಮಾರ್ಕೆಟ್ಟಿಗೆ ಹೋದೆವು. ಈ ಊರಿನ ಹಸಿರು ಸಾಸಿಗೆ ಬೇಕಾದ ಏಳು ಬಗೆಯ ಸೊಪ್ಪನ್ನು ಒಟ್ಟಿಗೆ ಕಾಗದದಲ್ಲಿ ಸುತ್ತಿ ಮಾರುತ್ತಾರೆ. ಆ ಸಾಸನ್ನು ಬೆಂದ ಆಲೂಗಡ್ಡೆ, ಮೊಟ್ಟೆ ಜೊತೆ ತಿನ್ನುತ್ತಾರೆ. ಮಾಂಸ ತಿನ್ನದವರಿಗೆ ಇಲ್ಲಿ ಇದಕ್ಕಿಂತ ಒಳ್ಳೇ ಊಟ ಹುಡುಕಬೇಡಿ, ಮೊಟ್ಟೆ ಬೇಡದವರು ಬಿಟ್ಟು ತಿಂದರಾಯಿತು. ತಣ್ಣಗೆ, ಸ್ವಲ್ಪ ಹುಳಿ, ಸೊಪ್ಪಿನ ಘಮ ಚೆನ್ನಾಗಿ ಬರುತ್ತದೆ.

ಮಧ್ಯಾಹ್ನ ರೋಮರ್‌ಬೆರ್ಗ್ ಚೌಕ. 15ನೇ ಶತಮಾನದಿಂದ ಪುರಭವನ ಇರುವ ಜಾಗ. ಎದುರಿಗೆ ಮರದ ತೊಲೆ ಕಾಣುವ ಚೆಂದದ ಮನೆಗಳ ಸಾಲು, ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಅದನ್ನು ಮತ್ತೆ ಕಟ್ಟಿದ್ದು 1980ರ ದಶಕದಲ್ಲಿ. ಅದರ ಹಿಂದೆ ಕ್ಯಾಥೆಡ್ರಲ್ ಕಡೆಗೆ ಹೋಗುವ ಗಲ್ಲಿಗಳು ಇನ್ನೂ ಹೊಸವು. ಅಲ್ಲಿ ಯುದ್ಧದ ನಂತರ ದೊಡ್ಡದೊಂದು ಕಾಂಕ್ರೀಟ್ ಸರಕಾರಿ ಕಚೇರಿ ಇತ್ತು. ಅದನ್ನು ಒಡೆದು 35 ಮನೆಗಳನ್ನು ಕಟ್ಟಿ 2018ರಲ್ಲಿ ಮುಗಿಸಿದರು. ಅದರಲ್ಲಿ 15 ಹಳೇ ಮನೆಗಳ ಪ್ರತಿರೂಪ, ಉಳಿದವು ಹಳೇ ಅಳತೆಗೆ ಹೊಂದುವ ಹೊಸ ಮನೆಗಳು. ಅಂದರೆ 1997ರ ಆ ಕಾಮರ್ಸ್‌ಬ್ಯಾಂಕ್ ಗೋಪುರಕ್ಕಿಂತ ಈ "ಹಳೇ ಪೇಟೆ" ವಯಸ್ಸಿನಲ್ಲಿ ಚಿಕ್ಕದು! ಇವರಿಗೆ ಇದು ನಾಟಕದ ಸೆಟ್ಟಿನ ಹಾಗೆ ಕಂಡಿತು. ನಾನು ಒಪ್ಪಲಿಲ್ಲ. ಮೇಲೆ ಕಿಟಕಿಗಳಲ್ಲಿ ಪರದೆ, ಹೂಕುಂಡ, ಜನ ವಾಸ ಇದ್ದಾರೆ. ಯಾವುದು ಪ್ರತಿರೂಪ, ಯಾವುದು ಹೊಸ ವಿನ್ಯಾಸ ಅಂತ ಮನೆ ಮನೆ ಗುರುತಿಸುತ್ತಾ ನಾವು ಅಲ್ಲೇ ಬಹಳ ಹೊತ್ತು ಕಳೆದೆವು.

ಕೊನೆಗೆ ಐಸರ್ನರ್ ಸ್ಟೆಗ್, ನಡೆಯುವವರಿಗಷ್ಟೇ ಇರುವ ಕಬ್ಬಿಣದ ಸೇತುವೆ, ದಾಟಿ ನದಿಯ ದಕ್ಷಿಣ ದಂಡೆಗೆ ಬಂದೆವು. "ರೀ, ಇಲ್ಲೇ ಕೂರೋಣ" ಅಂದೆ. ಆ ದಂಡೆಯುದ್ದಕ್ಕೂ ಮ್ಯೂಸಿಯಮ್ಮುಗಳು, ಮೊದಲ ದಿನ ಅವನ್ನು ಮುಟ್ಟಲೇಬೇಡಿ, ಒಂದೊಂದಕ್ಕೂ ಅರ್ಧ ದಿನ ಬೇಕು.

ಹೋಗುವವರಿಗೆ ಇನ್ನೆರಡು ಮಾತು. ಫುಟ್‌ಪಾತ್ ಪಕ್ಕದ ಸೈಕಲ್ ದಾರಿಯಲ್ಲಿ ಸುಮ್ನೆ ನಿಲ್ಲಬೇಡಿ, ಸೈಕಲ್‌ಗಳು ಜೋರಾಗಿ ಬರುತ್ತವೆ. ನೀರು ಕುಡಿದ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಠೇವಣಿಯ 25 ಸೆಂಟ್ ವಾಪಸ್ ಸಿಗುತ್ತದೆ.