ಅಟ್ಟದಿಂದ ಇಳಿದ ಯಂತ್ರಗಳು

ನಮ್ಮ ಮನೆಯ ಅಟ್ಟದಲ್ಲಿ ಅಡುಗೆಮನೆ ಯಂತ್ರಗಳ ಏಳು ಡಬ್ಬಗಳಿದ್ದವು. ಏಳನ್ನೂ ತಂದವನು ನಾನೇ. ಮದುವೆಯ ದಿನಕ್ಕೊಂದು, ದೀಪಾವಳಿಗೊಂದು, ಎಕ್ಸಿಬಿಷನ್‌ನಲ್ಲಿ ಡೆಮೊ ನೋಡಿ ಮರುಳಾಗಿ ಇನ್ನೊಂದು. ಪ್ರತಿಯೊಂದೂ ಒಂದೆರಡು ವಾರ ಕಟ್ಟೆಯ ಮೇಲೆ ಮೆರೆದು, ಮತ್ತೆ ಅದೇ ಥರ್ಮೋಕೋಲಿನೊಳಗೆ ಕೂತು ಮೇಲೆ ಹೋಗುತ್ತಿತ್ತು. "ಇಷ್ಟು ದುಡ್ಡು ಕೊಟ್ಟು ತಂದರೂ ಬಳಸೋದೇ ಇಲ್ಲ" ಅಂತ ನಾನು ಗೊಣಗುತ್ತಿದ್ದೆ. "ನೀವೇ ಬಳಸಿ ನೋಡಿ" ಅಂತ ನನ್ನಾಕೆ ಅನ್ನುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಕಳೆದ ಮಳೆಗಾಲದಲ್ಲಿ ಅವಳು ಹಿತ್ತಲಲ್ಲಿ ಬಟ್ಟೆ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ನಾನು ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ ಎಂಟು ತಿಂಗಳಾಗಿತ್ತು. ಮಗಳು ಬೆಂಗಳೂರಿನಲ್ಲಿ. ತುಮಕೂರಿನ ಮನೆಯಲ್ಲಿ ನಾವಿಬ್ಬರು ಮತ್ತು ಎಂಬತ್ತು ದಾಟಿದ ನನ್ನ ಅಮ್ಮ. ಅಮ್ಮನಿಗೆ ರಾತ್ರಿ ಮುದ್ದೆ ಆಗಲೇಬೇಕು, ಬೆಳಿಗ್ಗೆ ಹೋಟೆಲ್ ತಿಂಡಿ ಆಗೋದಿಲ್ಲ. ನನಗೆ ಬರುತ್ತಿದ್ದದ್ದು ಕಾಫಿ ಮಾತ್ರ. ಅದೂ ಡಿಕಾಕ್ಷನ್ ಇಳಿಸಿಟ್ಟಿದ್ದರೆ.

ಹೆದರಲಿಲ್ಲ. ಅಟ್ಟದ ಮೇಲೆ ಏಳು ಯಂತ್ರಗಳಿವೆಯಲ್ಲ ಅಂದುಕೊಂಡೆ. ಏಣಿ ಹಾಕಿ ಎಲ್ಲವನ್ನೂ ಇಳಿಸಿ, ಒರೆಸಿ, ಸಾಲಾಗಿ ಜೋಡಿಸಿದೆ. ನನ್ನಾಕೆ ಕೈಗೆ ಜೋಳಿಗೆ ಕಟ್ಟಿಕೊಂಡು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮುಂದಿನ ಆರು ವಾರ ಆ ಕುರ್ಚಿ ಅಲ್ಲಿಂದ ಅಲ್ಲಾಡಲಿಲ್ಲ.

ಮೊದಲ ಸೋಲು ದೋಸೆ ಹಿಟ್ಟಿನದು. ಗ್ರೈಂಡರ್ ಕಟ್ಟೆ ಕೆಳಗಿನ ಗೂಡಿನಲ್ಲಿತ್ತು. ಟೇಬಲ್ ಮೇಲಿಡುವ ಸಣ್ಣದೇ, ಆದರೆ ಕಲ್ಲು ಕಲ್ಲೇ ತಾನೆ? ಹತ್ತು ಕಿಲೋಗಿಂತ ಕಮ್ಮಿ ಇರಲಾರದು. ಬಗ್ಗಿ ಎತ್ತುವುದು ಯಾಕೆ, ಮಿಕ್ಸಿ ಇದೆಯಲ್ಲ ಅಂತ ಎರಡು ಲೋಟ ಉದ್ದಿನಬೇಳೆಯನ್ನು ಒಂದೇ ಸಲಕ್ಕೆ ದೊಡ್ಡ ಜಾರಿಗೆ ಸುರಿದೆ. ಮೂರು ನಿಮಿಷ ಓಡಿತು. ಸುಟ್ಟ ವಾಸನೆ ಬಂತು, ನಿಂತಿತು. ಸ್ವಿಚ್ ಹಾಕಿದರೆ ಉಸಿರೇ ಇಲ್ಲ.

ಮಿಕ್ಸಿಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಕೂಟರ್ ಮುಂದೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಅದನ್ನು ತಲೆಕೆಳಗು ಮಾಡಿ, ತಳದಲ್ಲಿದ್ದ ಒಂದು ಕೆಂಪು ಗುಂಡಿ ಒತ್ತಿದ. ಮಿಕ್ಸಿ ಓಡಿತು. "ಲೋಡ್ ಜಾಸ್ತಿ ಆದರೆ ಇದು ಹೊರಗೆ ಬರುತ್ತೆ ಸಾರ್. ಸ್ವಲ್ಪ ಹೊತ್ತು ಆರೋಕೆ ಬಿಟ್ಟು ಒತ್ತಿದರೆ ಆಯ್ತು." ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಹೇಳಿದರೆ, "ಕೆಂಪು ಗುಂಡಿನಾ? ನನ್ನ ಕೇಳಿದ್ದರೆ ನಾನೇ ಹೇಳ್ತಿದ್ದೆ" ಅಂದಳು.

ಆ ಹಿಟ್ಟು ಮರುದಿನ ಸರಿಯಾಗಿ ಉಬ್ಬಲೂ ಇಲ್ಲ. ಮಿಕ್ಸಿಯ ಬ್ಲೇಡ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಉದ್ದು ಹಗುರಾಗಿ ಅರಳುವ ಬದಲು ಅಂಟಂಟಾಗಿ ಕೂರುತ್ತದೆ. ಗ್ರೈಂಡರಿನ ಕಲ್ಲು ನಿಧಾನ, ತಂಪಾಗಿಯೇ ಅರೆಯುತ್ತದೆ. ಮಿಕ್ಸಿಯಲ್ಲೇ ಮಾಡಬೇಕಾಗಿ ಬಂದರೆ ಫ್ರಿಜ್‌ನ ತಣ್ಣನೆ ನೀರು ಹಾಕಿ, ಸ್ವಲ್ಪ ಸ್ವಲ್ಪ ಬೇಳೆ, ನಡುನಡುವೆ ನಿಲ್ಲಿಸಿ ಅರೆಯಬೇಕು.

ಸರಿ, ಗ್ರೈಂಡರನ್ನೇ ಎತ್ತಿದೆ. ಸೊಂಟ ಹಿಡಿಯಿತು. ಇಡ್ಲಿ ದೋಸೆ ಹಿಟ್ಟನ್ನು ಇವಳು ಯಾಕೆ ಪ್ಯಾಕೆಟ್‌ನಲ್ಲಿ ತರಲು ಶುರು ಮಾಡಿದ್ದಳು ಅಂತ ಆಗ ಹೊಳೆಯಿತು. ಯಂತ್ರದಲ್ಲಿ ದೋಷ ಇರಲಿಲ್ಲ, ಅದನ್ನು ಇಟ್ಟ ಜಾಗದಲ್ಲಿತ್ತು. ಅವತ್ತೇ ಕಟ್ಟೆಯ ಮೂಲೆಯಲ್ಲಿದ್ದ ಖಾಲಿ ಡಬ್ಬಿಗಳ ಸಾಲು ತೆಗೆದು, ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಗ್ರೈಂಡರನ್ನು ಕೂರಿಸಿದೆ. ಇವತ್ತಿಗೂ ಅದು ಅಲ್ಲಿಂದ ಕದಲಿಲ್ಲ. ವಾರಕ್ಕೆರಡು ಸಲ ಓಡುತ್ತದೆ.

ಅದನ್ನು ತೊಳೆಯುವುದನ್ನು ಹೇಳಿಕೊಟ್ಟಿದ್ದು ಕುರ್ಚಿಯಲ್ಲಿ ಕೂತವಳೇ. ಮೊದಲು ಉದ್ದು ಅರೆಯಬೇಕು. ನಾಲ್ಕೈದು ಗಂಟೆ ನೆನೆದ ಬೇಳೆ, ಜೊತೆಗೆ ಒಂದು ಚಮಚ ಮೆಂತ್ಯ, ನೀರು ಕೈಯಲ್ಲಿ ಚಿಮುಕಿಸುತ್ತ ಇಪ್ಪತ್ತೈದು ಮೂವತ್ತು ನಿಮಿಷ. ಉದ್ದು ತೆಗೆದ ಮೇಲೆ ಡ್ರಮ್ ತೊಳೆಯಬಾರದು, ಹಾಗೇ ಅಕ್ಕಿ ಹಾಕಬೇಕು. ಅಂಟಿದ ಉದ್ದನ್ನೆಲ್ಲ ಅಕ್ಕಿಯೇ ಕೆರೆದು ತೆಗೆಯುತ್ತದೆ. ಅಕ್ಕಿ ಹಿಟ್ಟು ತೆಗೆದ ಮೇಲೆ ಒಂದು ಲೋಟ ನೀರು ಸುರಿದು ಒಂದು ನಿಮಿಷ ಸುಮ್ನೆ ಓಡಿಸಬೇಕು. ಕಲ್ಲು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆ ನೀರೂ ಹಿಟ್ಟಿಗೇ. ನಾನು ಮೊದಲ ಸಲ ಉದ್ದಿಗೊಮ್ಮೆ, ಅಕ್ಕಿಗೊಮ್ಮೆ ಎಲ್ಲ ಬಿಚ್ಚಿ ತೊಳೆದು ಮುಕ್ಕಾಲು ಗಂಟೆ ಸಿಂಕ್ ಮುಂದೆ ನಿಂತಿದ್ದೆ. ಅವಳು ನೋಡುತ್ತಲೇ ಇದ್ದಳು, ಹೇಳಲಿಲ್ಲ. ಎರಡನೇ ಸಲ ಹೇಳಿದಳು.

ಆಮೇಲೆ ನಾನು ಗಡಿಯಾರ ನೋಡುವುದಕ್ಕೆ ಶುರು ಮಾಡಿದೆ. ಬ್ಯಾಂಕಿನ ಚಾಳಿ, ಎಲ್ಲಕ್ಕೂ ಲೆಜರ್ ಬೇಕು. ಒಂದು ಕಾಲಂನಲ್ಲಿ ಯಂತ್ರ ಉಳಿಸಿದ ನಿಮಿಷ, ಇನ್ನೊಂದರಲ್ಲಿ ಅದನ್ನು ಜೋಡಿಸಿ, ಬಿಚ್ಚಿ, ತೊಳೆದು, ಒರೆಸಿ ಇಡುವ ನಿಮಿಷ. ಎರಡು ವಾರದಲ್ಲಿ ಅಟ್ಟದ ಗುಟ್ಟೆಲ್ಲ ಬಯಲಾಯಿತು.

ಫುಡ್ ಪ್ರೊಸೆಸರ್ ಕ್ಯಾರೆಟ್ ತುರಿಯಲು ಒಂದು ನಿಮಿಷ ತೆಗೆದುಕೊಂಡಿತು. ಬೌಲ್, ಮುಚ್ಚಳ, ಒತ್ತುವ ಕಂಬ, ತಟ್ಟೆ, ಬ್ಲೇಡ್ ತೊಳೆಯಲು ಹನ್ನೊಂದು ನಿಮಿಷ. ಹಬ್ಬಕ್ಕೆ ಎರಡು ಕಿಲೋ ತುರಿಯುವುದಿದ್ದರೆ ಸರಿ. ಮೂರು ಜನರ ಕೋಸಂಬರಿಗೆ ಕೈಯಲ್ಲಿ ತುರಿಯುವ ಮಣೆಯೇ ವಾಸಿ. ಜ್ಯೂಸರಿನ ಜಾಲರಿ ತೊಳೆದವನಿಗೆ ಮತ್ತೆ ಜ್ಯೂಸ್ ಕುಡಿಯುವ ಆಸೆ ಇರುವುದಿಲ್ಲ.

ಚಪಾತಿ ಮೇಕರಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದರ ಮೇಲೆ ನನಗೆ ತುಂಬಾ ಅಭಿಮಾನ ಇತ್ತು. ಎಕ್ಸಿಬಿಷನ್‌ನಲ್ಲಿ ಆ ಹುಡುಗ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಚಂದ್ರನಂಥ ಚಪಾತಿ ಬರುತ್ತಿತ್ತು. ನಾನು ಒತ್ತಿದೆ. ಉಂಡೆ ಜಾರಿ ಒಂದು ಪಕ್ಕಕ್ಕೆ ಹೋಗಿ ಶ್ರೀಲಂಕಾದ ಆಕಾರಕ್ಕೆ ಬಂತು. ಎರಡನೆಯದು ಒತ್ತಿ ಹಿಡಿದ ಒಂದು ಕ್ಷಣ ಜಾಸ್ತಿಯಾಗಿ ಹಪ್ಪಳವಾಯಿತು. ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಮಾಮೂಲಿಗಿಂತ ಮೆತ್ತಗೆ ಮಾಡಿ, ಅರ್ಧ ಗಂಟೆಗೂ ಜಾಸ್ತಿ ನೆನೆಸಿ, ಉಂಡೆಯನ್ನು ನಡುವಿಗಲ್ಲ, ಸ್ವಲ್ಪ ಹಿಂದಕ್ಕೆ ಇಟ್ಟು, ಒಂದೇ ಸಲ ಒತ್ತಿ ಕೂಡಲೇ ಮುಚ್ಚಳ ಎತ್ತಬೇಕು. ಇದು ಗೊತ್ತಾಗುವಷ್ಟರಲ್ಲಿ ಒಂದು ಕಿಲೋ ಹಿಟ್ಟು ಹಸುವಿನ ಬಾಯಿಗೆ ಹೋಗಿತ್ತು. ಆದರೂ ಚಪಾತಿ ಪದರ ಬಿಡಲಿಲ್ಲ. ಎಣ್ಣೆ ಹಚ್ಚಿ ಮಡಿಚಿ ಲಟ್ಟಿಸಿದರೆ ತಾನೇ ಪದರ? ಅಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಇದು ಯಾರ ಮನೆ ಚಪಾತಿನಪ್ಪಾ?" ಅಂದಳು. ಯಂತ್ರ ಮರಳಿ ಅಟ್ಟಕ್ಕೆ ಹೋಯಿತು. ಈ ಸಲ ಹತ್ತಿಸಿದವನೂ ನಾನೇ.

ಮುದ್ದೆಗೆ ಯಂತ್ರ ಹುಡುಕಲೇ ಇಲ್ಲ. ಮುದ್ದೆಕೋಲಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಎಸರಿಗೆ ಹಿಟ್ಟು ಹಾಕಿ, ನಡುವೆ ಕೋಲು ನಿಲ್ಲಿಸಿ, ಬೆಂದ ಮೇಲೆ ತಿರುವಿದರೆ ಗಂಟು ಒಡೆಯುತ್ತದೆ. ಬೇಕಿರುವುದು ತೋಳಿನ ಬಲ. ತೊಳೆಯುವುದು ಒಂದು ಕೋಲು, ಅಷ್ಟೇ. ನನ್ನ ಲೆಜರಿನಲ್ಲಿ ಮೊದಲ ರ‍್ಯಾಂಕ್ ಅದಕ್ಕೇ.

ಕುಕ್ಕರ್ ನನ್ನನ್ನು ಬೇರೆ ರೀತಿ ಸತಾಯಿಸಿತು. ತೊಗರಿಬೇಳೆ ಬೇಯುತ್ತಲೇ ಇರಲಿಲ್ಲ. ಮೂರು ಸೀಟಿ, ಐದು ಸೀಟಿ, ಎಂಟು ಸೀಟಿ. ಬೇಳೆ ಹಾಗೇ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಕುಕ್ಕರಿನೊಳಗೆ ಒತ್ತಡಕ್ಕೆ ಸುಮಾರು 120ಕ್ಕೆ ಏರುತ್ತದೆ. ಹಾಗಿದ್ದೂ ಬೇಯದಿದ್ದರೆ ಗ್ಯಾಸ್ಕೆಟ್ ಹೋಗಿರಬೇಕು ಅಂತ ಹೊಸದು ತಂದೆ. ಬದಲಾಗಲಿಲ್ಲ. ಕೊನೆಗೆ ನನ್ನಾಕೆ ಕೇಳಿದಳು, "ಯಾವ ನೀರು ಹಾಕ್ತಿದ್ದೀರಿ?" ಬೋರ್‌ವೆಲ್ ನೀರು! ನಮ್ಮ ಕಡೆ ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಫಿಲ್ಟರ್ ನೀರು ಹಾಕಿದೆ, ಮೂರೇ ಸೀಟಿಗೆ ಬೆಣ್ಣೆಯಾಯಿತು. ಹುಣಸೆಹಣ್ಣು, ಟೊಮೆಟೊ ಕೂಡ ಬೇಳೆ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಮತ್ತೆ ಹಟ ಹಿಡಿಯುತ್ತದೆ. ಬದಲಿಗೆ, ಡಬ್ಬಿ ಇಟ್ಟು ಬೇಯಿಸುವಾಗ ತಳದ ನೀರಿಗೆ ಒಂದು ಚೂರು ಹುಣಸೆ ಹಾಕಿದರೆ ಅಲ್ಯುಮಿನಿಯಂ ಕುಕ್ಕರ್ ಕಪ್ಪಾಗುವುದಿಲ್ಲ.

ಅದೇ ಬೋರ್ ನೀರು ವಾಷಿಂಗ್ ಮೆಷಿನ್ನಿಗೂ ಕಾಟ. ಒಂದು ದಿನ ನೀರು ಬೊಟ್ಟು ಬೊಟ್ಟಾಗಿ ಬರತೊಡಗಿತು. ಹಿಂದೊಮ್ಮೆ ಹೀಗಾದಾಗ ಮೆಕ್ಯಾನಿಕ್ ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿ 450 ರೂಪಾಯಿ ತೆಗೆದುಕೊಂಡು ಹೋಗಿದ್ದ. ಈ ಸಲ ನಾನೇ ನಲ್ಲಿ ಬಂದ್ ಮಾಡಿ, ಪ್ಲಗ್ ತೆಗೆದು, ಹಿಂದಿನ ಪೈಪ್ ತಿರುಗಿಸಿ ಬಿಚ್ಚಿದೆ. ಪೈಪ್ ಸೇರುವ ಬಾಯಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ಜಾಲರಿ ಇದೆ. ಅದರ ತುಂಬಾ ಬೋರಿನ ಮರಳು. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಹಾಕಿದೆ, ಅಷ್ಟೇ. ಮೂರು ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ, ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದು ಸುತ್ತು ಓಡಿಸುತ್ತೇನೆ. ಬಿಳಿ ಪದರ ಕರಗಿ ಹೋಗುತ್ತದೆ, ವಾಸನೆಯೂ ಕಮ್ಮಿ.

ಅಟ್ಟದಿಂದ ಇಳಿದದ್ದರಲ್ಲಿ ಗೆದ್ದವೂ ಇವೆ. ಹಗ್ಗ ಎಳೆಯುವ ಚಾಪರ್, ಇನ್ನೂರು ಚಿಲ್ಲರೆಯದು. ಉಪ್ಪಿಟ್ಟಿಗೆ ಈರುಳ್ಳಿ, ಚಿತ್ರಾನ್ನಕ್ಕೆ ಹಸಿಮೆಣಸಿನಕಾಯಿ ಎಂಟು ಎಳೆತಕ್ಕೆ ಮುಗಿಯುತ್ತದೆ. ಕಣ್ಣಲ್ಲಿ ನೀರಿಲ್ಲ. ಆದರೆ ಹಗ್ಗ ಇರುವ ಮುಚ್ಚಳವನ್ನು ನೀರಲ್ಲಿ ಮುಳುಗಿಸಬೇಡಿ. ಒಳಗಿನ ಸುರುಳಿಗೆ ನೀರು ಹೋದರೆ ಹಗ್ಗ ಮುಗ್ಗಲು ವಾಸನೆ ಹಿಡಿದು, ಒಂದು ದಿನ ತುಂಡಾಗುತ್ತದೆ. ನಮ್ಮದು ತುಂಡಾಗಿ ಅಟ್ಟ ಸೇರಿತ್ತು. ಗಟ್ಟಿ ನೈಲಾನ್ ದಾರ ಪೋಣಿಸಿ ಬದುಕಿಸಿದೆ. ಹುರುಳಿಕಾಯಿ ಮಾತ್ರ ಅದರಲ್ಲಿ ಹಾಕಬೇಡಿ, ಪಲ್ಯ ಮಾಡೋಕೆ ಹೋಗಿ ಚಟ್ನಿ ಆಗುತ್ತದೆ.

ಇನ್ನೊಂದು, ಹಿಡಿ ತಿರುಗಿಸಿ ತೆಂಗಿನಕಾಯಿ ತುರಿಯುವ ಯಂತ್ರ. ತಳದಲ್ಲಿ ರಬ್ಬರ್ ಇದೆ, ಕಟ್ಟೆಗೆ ಕಚ್ಚಿಕೊಳ್ಳುತ್ತದೆ. ತಿಪಟೂರು ಇರುವ ಜಿಲ್ಲೆಯವರು ನಾವು, ಕಾಯಿ ಇಲ್ಲದ ದಿನವಿಲ್ಲ. ತಂದ ಹೊಸತರಲ್ಲಿ ಅದು ಕಚ್ಚುತ್ತಲೇ ಇರಲಿಲ್ಲ, ಜಾರುತ್ತಿತ್ತು. ಆಗ ನಮ್ಮದು ಒರಟು ಕಲ್ಲಿನ ಕಟ್ಟೆ. ಆಮೇಲೆ ಗ್ರಾನೈಟ್ ಹಾಕಿಸಿದೆವು, ಯಂತ್ರ ಮೇಲಿರುವುದು ಯಾರಿಗೂ ನೆನಪಾಗಲಿಲ್ಲ. ಈಗ ಕಟ್ಟೆ ಒರೆಸಿ, ರಬ್ಬರಿಗೆ ಸ್ವಲ್ಪ ನೀರು ಹಚ್ಚಿ ಒತ್ತಿದರೆ ಬಂಡೆಯ ಹಾಗೆ ನಿಲ್ಲುತ್ತದೆ. ಅಮ್ಮ ತನ್ನ ಈಳಿಗೆ ಮಣೆ ಬಿಟ್ಟು ಕುರ್ಚಿ ಮೇಲೆ ಕೂತು ಇದರಲ್ಲೇ ತುರಿಯುತ್ತಾಳೆ. ನೆಲಕ್ಕೆ ಕೂತು ಏಳುವುದು ಅವಳಿಗೆ ಕಷ್ಟವಾಗಿ ವರ್ಷಗಳೇ ಆಗಿದ್ದವು. ನಾವು ಗಮನಿಸಿರಲಿಲ್ಲ.

ಮಗಳು ಸುಮ್ಮನಿರಲಿಲ್ಲ. ಮೊದಲು ನೆಲ ಗುಡಿಸುವ ರೋಬೋ ಕಳಿಸಿದಳು. ಸೋಫಾ ಕೆಳಗೆ, ಮಂಚದ ಕೆಳಗೆ ಚೆನ್ನಾಗಿ ನುಗ್ಗುತ್ತದೆ. ನಮ್ಮ ಹಳೇ ಮನೆಯ ಹೊಸಿಲು ಅದಕ್ಕೆ ಬೆಟ್ಟ, ಎರಡು ಸೆಂಟಿಮೀಟರ್ ಹತ್ತುವಷ್ಟರಲ್ಲೇ ಅದರ ಉಸಿರು ನಿಲ್ಲುತ್ತದೆ. ಒಂದು ಶುಕ್ರವಾರ ದೇವರ ಮುಂದಿನ ರಂಗೋಲಿಯನ್ನೆಲ್ಲ ನುಂಗಿ ಮನೆಯಿಡೀ ಬಿಳಿ ಗೆರೆ ಎಳೆದುಕೊಂಡು ಬಂತು. ಅಮ್ಮ ಅದಕ್ಕೆ ಆಮೆ ಅಂತ ಹೆಸರಿಟ್ಟಿದ್ದಾಳೆ. ಶುಕ್ರವಾರ ಆಮೆಗೆ ರಜೆ.

ಆಮೇಲೆ ಡಿಶ್‌ವಾಷರ್ ಕೊಡಿಸುತ್ತೇನೆ ಅಂದಳು. ನಾನು ಮೆತ್ತಗಾಗಿದ್ದೆ. ಯಾಕೆಂದರೆ ನಮ್ಮ ಸಿಂಕ್ ನನ್ನ ಎತ್ತರಕ್ಕೆ ತಗ್ಗು, ಪಾತ್ರೆ ತೊಳೆದು ಬೆನ್ನು ನೋವು ಬಂದಿತ್ತು. ಅಂಗಡಿಗೆ ಹೋಗಿ ನಾನು ಕೇಳಿದ್ದು ಒಂದೇ: ಏನೇನು ಹಾಕಬಾರದು? ಕಬ್ಬಿಣದ ಹೆಂಚು ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ಕಪ್ಪಾಗುತ್ತದೆ, ಮರದ ಸೌಟು ಸೀಳುತ್ತದೆ. ಗಡಸು ನೀರಾದರೆ ಅದಕ್ಕೆಂದೇ ಸಿಗುವ ಉಪ್ಪು ಆಗಾಗ ತುಂಬಬೇಕು. ನಮ್ಮ ಮನೆಯಲ್ಲಿ ದಿನವೂ ತೊಳೆಯುವುದು ಕುಕ್ಕರ್, ಹೆಂಚು, ಬಾಣಲೆ. ಉಳಿಯುವುದು ಆರು ತಟ್ಟೆ, ಹತ್ತು ಲೋಟ. ಐದಾರು ಜನರ ಸ್ಟೀಲ್ ಪಾತ್ರೆಗಳ ಮನೆಯಾದರೆ ನಾನೇ ತಗೊಳ್ಳಿ ಅನ್ನುತ್ತೇನೆ, ನೀರೂ ಉಳಿಯುತ್ತದೆ. ನಮಗೆ ಬೇಡ ಅನಿಸಿತು. ಬದಲಿಗೆ ಸಿಂಕಿನೊಳಗೆ ಒಂದು ಬೇಸಿನ್ ಬೋರಲು ಹಾಕಿ, ಅದರ ಮೇಲೆ ಇನ್ನೊಂದು ಬೇಸಿನ್ ಇಟ್ಟು ತೊಳೆಯತೊಡಗಿದೆ. ಆರು ಇಂಚು ಮೇಲೆ ಬಂತು. ಬೆನ್ನು ನೋವು ಹೋಯಿತು.

ಕರೆಂಟಿನ ಲೆಕ್ಕವನ್ನೂ ಬರೆದಿಟ್ಟೆ, ಗೃಹಜ್ಯೋತಿ ಬಂದಮೇಲೆ ಎಲ್ಲರ ಕಣ್ಣೂ ಮೀಟರ್ ಮೇಲೆಯೇ ಅಲ್ವಾ. 150 ವ್ಯಾಟಿನ ಗ್ರೈಂಡರ್ ಮುಕ್ಕಾಲು ಗಂಟೆ ಓಡಿದರೂ ಒಂದು ಯೂನಿಟ್‌ನ ಎಂಟನೇ ಒಂದು ಭಾಗ ತಿನ್ನುವುದಿಲ್ಲ. 2000 ವ್ಯಾಟಿನ ಗೀಸರ್ ಕಾಲು ಗಂಟೆಗೆ ಅರ್ಧ ಯೂನಿಟ್ ನುಂಗುತ್ತದೆ. ಗ್ರೈಂಡರ್ ಓಡುವಾಗ "ಕರೆಂಟ್ ಜಾಸ್ತಿ ಆಗುತ್ತೆ" ಅಂತ ಕೂಗುತ್ತಿದ್ದವನು ನಾನು. ಗೀಸರ್ ಹಾಕಿಟ್ಟು ಪೇಪರ್ ಓದುತ್ತ ಕೂರುತ್ತಿದ್ದವನೂ ನಾನೇ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಗ್ರೈಂಡರ್, ವಾಷಿಂಗ್ ಮೆಷಿನ್, ರಾತ್ರಿಯ ಮುದ್ದೆ ನನ್ನ ಕೆಲಸವಾಗಿಯೇ ಉಳಿದಿವೆ. ಕಳೆದ ತಿಂಗಳು ನಮ್ಮ ಮದುವೆಯ ದಿನ. ಏನು ತರಲಿ ಅಂತ ಈ ಸಲ ಮೊದಲೇ ಕೇಳಿದೆ. "ಮಿಕ್ಸಿ ಜಾರಿನ ಮುಚ್ಚಳಕ್ಕೆ ರಬ್ಬರ್ ರಿಂಗ್ ಎರಡು, ಚಿಕ್ಕ ಕುಕ್ಕರಿಗೆ ಗ್ಯಾಸ್ಕೆಟ್ ಒಂದು" ಅಂದಳು. ಪಾತ್ರೆ ಅಂಗಡಿಯಲ್ಲಿ ಎಲ್ಲ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ. ಬಣ್ಣದ ಕಾಗದ ಸುತ್ತಿಸಿಕೊಂಡು ಬಂದೆ. ಬಿಚ್ಚಿ ನೋಡಿದಳು.

"ರೀ, ಇದು ಐದು ಲೀಟರಿಂದು. ನಮ್ಮದು ಮೂರು ಲೀಟರ್."

ಮರುದಿನ ಹಳೇ ಗ್ಯಾಸ್ಕೆಟ್ ಜೇಬಲ್ಲಿ ಇಟ್ಟುಕೊಂಡು ಹೋಗಿ ಬದಲಾಯಿಸಿ ತಂದೆ.